ನೊಣ ತೋರಿಸಲು ರಜೆ ಕೇಳಿದವರು

ನೊಣ ತೋರಿಸಿಕೊಂಡು ಬರಲು ರಜೆ ಕೇಳಿದ ಮನುಷ್ಯರಲ್ಲಿ ನಾನು ಕಂಡದ್ದು ಒಬ್ಬರನ್ನೇ. ನಾಸಿಕದ ಸಾತಪುರದಲ್ಲಿದ್ದ ನಮ್ಮ ಕಾರ್ಖಾನೆಯ ರಜೆ ಅರ್ಜಿಗಳಲ್ಲಿ ಹೊಟ್ಟೆನೋವು, ಊರಲ್ಲಿ ಮದುವೆ, ಅತ್ತೆಗೆ ಹುಷಾರಿಲ್ಲ ಎಂಬ ಕಾರಣಗಳೇ ತಿರುಗಿ ತಿರುಗಿ ಬರುತ್ತಿದ್ದವು. ಅವರು ಮಾತ್ರ ದುಂಡಗಿನ ಅಕ್ಷರದಲ್ಲಿ ‘ಹನ್ನೆರಡು ನೊಣಗಳನ್ನು ಔರಂಗಾಬಾದಿನ ಕಾಲೇಜಿನಲ್ಲಿ ತೋರಿಸಬೇಕಾಗಿದೆ, ಎರಡು ದಿನ’ ಎಂದು ಬರೆದುಕೊಟ್ಟಿದ್ದರು. ಗುಮಾಸ್ತ ಅದನ್ನು ಆಫೀಸಿಗೆಲ್ಲ ಓದಿ ಹೇಳಿ ನಗಿಸಿದ. ಕೊನೆಗೆ ಅವನಿಗೇ ಕನಿಕರ ಬಂದು, “ಕಾಕಾ, ತಾಯಿಗೆ ಆರಾಮಿಲ್ಲ ಅಂತ ಬರೆಯಿರಿ, ಸಾಹೇಬರು ಕಣ್ಣುಮುಚ್ಚಿ ಸಹಿ ಹಾಕ್ತಾರೆ” ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದ.

ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು: “ನಮ್ಮವ್ವ ಹೋಗಿ ಒಂಬತ್ತು ವರ್ಷಾತು. ಆಕೀನ ಯಾಕ ಮತ್ತ ಎಬ್ಬಸೋದು? ನೊಣ ಅಂತನ ಇರ್ಲಿ.”

ರಜೆ ಸಿಕ್ಕಿತು. ಮ್ಯಾನೇಜರಿಗೂ ನಗು ಬಂದಿತ್ತಂತೆ.

ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಕಾಕಾ. ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ತಯಾರಾದ ಮಾಲನ್ನು ಅಳೆದು, ಕಣ್ಣಿಟ್ಟು ನೋಡಿ, ಪಾಸೋ ನಾಪಾಸೋ ಎಂದು ಬರೆಯುವ ತಪಾಸಣೆ ವಿಭಾಗಕ್ಕೆ ಅವರೇ ಮುಖ್ಯಸ್ಥರು. ನಾನು ಕುಂದಾಪುರದ ಕಡೆಯವನು. ಪಂಚವಟಿಯಲ್ಲಿ ನಮ್ಮ ಸೋದರಮಾವನ ಹೋಟೆಲಿತ್ತು. ನಾಲ್ಕು ವರ್ಷ ಅಲ್ಲಿ ಗಲ್ಲಾದ ಹಿಂದೆ ಕೂತು ಬೇಸರ ಬಂದು, ಅರವತ್ತರ ದಶಕದ ನಡುವಿನಲ್ಲಿ ಈ ಕಾರ್ಖಾನೆ ಸೇರಿ ಅವರ ಕೈಕೆಳಗೆ ತಪಾಸಣೆಗಾರನಾದೆ. ಆಗ ಸಾತಪುರದಲ್ಲಿ ಶೆಡ್ಡುಗಳಿಗಿಂತ ಸಜ್ಜೆಯ ಹೊಲಗಳೇ ಹೆಚ್ಚು. ಬೆಳಗಿನ ಪಾಳಿಗೆ ಸೈಕಲ್ಲುಗಳ ಸಾಲು ಹೊರಟರೆ, ಮಧ್ಯೆ ಒಂದು ಎತ್ತಿನ ಗಾಡಿ ಅಡ್ಡ ಬಂದು ಎಲ್ಲರೂ ಒಟ್ಟಿಗೆ ಗಂಟೆ ಬಾರಿಸುತ್ತಿದ್ದೆವು. ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯುವ ಪಂಪಿನ ಹಿತ್ತಾಳೆಯ ಬಿಡಿಭಾಗಗಳು ನಮ್ಮಲ್ಲಿ ತಯಾರಾಗುತ್ತಿದ್ದವು.

ಮೊದಲ ದಿನವೇ ಕಾಕಾ ಒಂದು ಹಿತ್ತಾಳೆಯ ಕಡ್ಡಿಯನ್ನು ನನ್ನ ಮುಂದಿಟ್ಟು, “ಏನ್ ಕಾಣಸ್ತದ?” ಎಂದು ಕೇಳಿದರು.

“ಕಡ್ಡಿ” ಎಂದೆ.

ಮೇಜಿನ ಖಾನೆಯಿಂದ ಒಂದು ಬಿಳಿ ಕಾಗದ, ಒಂದು ಕಪ್ಪು ಕಾಗದ ತೆಗೆದರು. ಕಡ್ಡಿಯನ್ನು ಮೊದಲು ಬಿಳಿಯದರ ಮೇಲೆ, ಆಮೇಲೆ ಕಪ್ಪಿನ ಮೇಲೆ ಇಟ್ಟು ತೋರಿಸಿದರು. ಕಪ್ಪಿನ ಮೇಲೆ ಇಟ್ಟಾಗ ಅದರ ಮೈಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. “ಬಿಳೀದರ ಮ್ಯಾಲಿಟ್ಟು ನೋಡು, ಕರೀದರ ಮ್ಯಾಲಿಟ್ಟು ನೋಡು. ಮಾತಾಡೋದು ಆಮ್ಯಾಲ” ಎಂದರು. ಈ ಮಾತನ್ನು ಅವರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ತರಕಾರಿ ಮಾರುವವಳು ತೂಕ ಹಾಕುವಾಗಲೂ ಅಂದಿದ್ದರು, ನನ್ನ ಮದುವೆಯ ಮಾತುಕತೆ ನಡೆದಾಗಲೂ ಅಂದಿದ್ದರು.

ಕೊರಳಲ್ಲಿ ಕರಿ ದಾರಕ್ಕೆ ಪೋಣಿಸಿದ ಒಂದು ಸಣ್ಣ ಮಸೂರ ಯಾವಾಗಲೂ ಇರುತ್ತಿತ್ತು. ಅದನ್ನು ಒರೆಸಲೆಂದೇ ಅಂಗಿಯ ಕಿಸೆಯಲ್ಲಿ ಒಂದು ತುಂಡು ಹಳೆಯ ಧೋತರ. ಊಟದ ಹೊತ್ತಿಗೆ ಅವರ ಜೋಳದ ರೊಟ್ಟಿ, ಶೇಂಗಾ ಚಟ್ನಿಗೂ ನಮ್ಮ ಹೋಟೆಲಿನ ಇಡ್ಲಿಗೂ ಅದಲುಬದಲು. ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, “ಇದು ಊಟ ಅಲ್ಲ ತಮ್ಮಾ, ಹಾಸಿಗಿ ಅದ” ಎನ್ನುತ್ತಿದ್ದರು. ಹಾಗೆಂದು ಒಂದನ್ನೂ ಬಿಡುತ್ತಿರಲಿಲ್ಲ.

ಅವರು ಬಾಡಿಗೆಗಿದ್ದದ್ದು ಪಂಚವಟಿಯ ಒಂದು ಕಿರಿದಾದ ಓಣಿಯಲ್ಲಿ, ನಮ್ಮ ಹೋಟೆಲಿನಿಂದ ಕೂಗಳತೆ. ಮನೆಯಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಮಗಳು. ನಾನು ಕಾಕು ಎಂದು ಕರೆಯುತ್ತಿದ್ದ ಆ ತಾಯಿ ಬೀದರಿನ ಕನ್ನಡ ಬಿಟ್ಟು ಬೇರೆ ಮಾತಾಡಿದವರಲ್ಲ. ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಆ ಮನೆಯ ಹೊರಗೋಡೆಯ ಇಟ್ಟಿಗೆಗಳ ನಡುವೆ ಒಂದು ಸಂದಿನಲ್ಲಿ ಮಿಸರಿ ಜೇನು ಕಟ್ಟಿತ್ತು. ನಮ್ಮ ಕರಾವಳಿಯಲ್ಲಿ ಅದನ್ನು ಮುಜಂಟಿ ಎನ್ನುತ್ತೇವೆ. ಇರುವೆಗಿಂತ ಸ್ವಲ್ಪ ದೊಡ್ಡದಾದ, ಕಪ್ಪನೆಯ, ಕುಟುಕಲು ಮುಳ್ಳೇ ಇಲ್ಲದ ಜೇನು. ಗೋಡೆಯಿಂದ ಮೇಣದ ಒಂದು ಸಣ್ಣ ಕೊಳವೆ ಹೊರಗೆ ಚಾಚಿಕೊಂಡಿರುತ್ತದೆ, ಅದೇ ಅವುಗಳ ಬಾಗಿಲು.

ಮನೆಯ ಮಾಲೀಕ ಸಿಮೆಂಟು ಕಲಸಿಕೊಂಡು ಆ ಸಂದು ಮುಚ್ಚಲು ಬಂದ ದಿನ ಕಾಕಾ ಆ ಗೋಡೆಗೆ ಅಡ್ಡ ನಿಂತರಂತೆ. ಅವನೆದುರಿಗೆ ತಮ್ಮ ಅಂಗೈಯನ್ನು ಆ ಕೊಳವೆಯ ಬಾಯಿಗೆ ಒತ್ತಿಹಿಡಿದು ಐದು ನಿಮಿಷ ನಿಂತು, “ಕಚ್ಚಿತೇನು? ಈಗ ಹೋಗ್ರಿ” ಎಂದು ಕಳಿಸಿದರು. ಅಂದಿನಿಂದ ಅವರಿಗೆ ಸಂಜೆ ಕಟ್ಟೆಯ ಮೇಲೆ ಕೂತು ಆ ಜೇನು ನೋಡುವ ಅಭ್ಯಾಸವಾಯಿತು. ಹಾಗೆ ನೋಡುವಾಗಲೇ ಒಂದು ದಿನ ತುಳಸಿ ಕಟ್ಟೆಯ ಬಳಿ ಒಂದು ಜೇನು ಗಾಳಿಯಲ್ಲಿ ನಿಂತೇಬಿಟ್ಟದ್ದು ಕಂಡರು. ಹಾರುತ್ತಿಲ್ಲ, ಕೂರುತ್ತಲೂ ಇಲ್ಲ. ಮೊಳೆ ಹೊಡೆದ ಹಾಗೆ ಒಂದೇ ಕಡೆ ನಿಂತಿದೆ. ತಟ್ಟನೆ ಪಕ್ಕಕ್ಕೆ ಸರಿದು ಮತ್ತೆ ನಿಂತಿತು. ಉಳಿದವೆಲ್ಲ ಕೊಳವೆಯೊಳಗೆ ಹೋಗಿ ಬಂದು ಮಾಡುತ್ತಿದ್ದರೆ ಇದು ಆ ಕಡೆ ತಿರುಗಿಯೂ ನೋಡಲಿಲ್ಲ.

“ಇದು ಈ ಮನಿದಲ್ಲ ಅಂತ ಅವಾಗನ ತಿಳೀತು” ಎಂದು ಮರುದಿನ ಹೇಳಿದರು. ಹಿಡಿದು, ಮಸೂರದಡಿ ನೋಡಿ, ಬೆರಗಾಗಿ ನನಗೆ ತೋರಿಸಲು ಬೆಂಕಿಪೊಟ್ಟಣದಲ್ಲಿ ತಂದಿದ್ದರು.

ಅದು ಜೇನಿನ ವೇಷ ಹಾಕಿದ ಹೂನೊಣ. ಅಷ್ಟೇ ಗಾತ್ರ, ಅದೇ ಕಪ್ಪು ಬಣ್ಣ, ಅದೇ ಹೊಗೆ ಹಿಡಿದಂಥ ರೆಕ್ಕೆ. ಹಿಂಗಾಲು ದಪ್ಪಗೆ, ಕೂದಲು ಕೂದಲಾಗಿ, ಪರಾಗ ಹೊತ್ತುಕೊಂಡು ಬಂದಂತೆಯೇ ಕಾಣುತ್ತದೆ. ನನಗೆ ಎರಡರಲ್ಲಿ ಏನೂ ವ್ಯತ್ಯಾಸ ತಿಳಿಯಲಿಲ್ಲ. ಕಾಕಾ ಸೂಜಿಯ ತುದಿಯಿಂದ ಒಂದೊಂದನ್ನೇ ಮುಟ್ಟಿ ತೋರಿಸಿದರು. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಜೇನಿನ ಮೀಸೆ ಮೊಣಕೈಯಂತೆ ಮಡಚಿರುತ್ತದೆ, ಇದರದು ಮೋಟು, ಅದರ ಮೇಲೊಂದು ಎಳೆ ಕೂದಲು. ಇದರ ಕಣ್ಣು ತಲೆಯ ಮುಕ್ಕಾಲು ಪಾಲು. ಜೇನಿಗೆ ಹಿಂದಿನ ರೆಕ್ಕೆಗಳಿರುವ ಜಾಗದಲ್ಲಿ ಇದಕ್ಕೆ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಗುಂಡುಗಳು.

“ಮತ್ತ ಇದು ನೋಡು.” ರೆಕ್ಕೆಯ ನಡುವೆ ಹಾದುಹೋದ ಒಂದು ನರದಂಥ ಗೆರೆ. “ಸುಮ್ನ ಗೆರಿ ಅದ. ಎಲ್ಲಿಂದಲೂ ಸುರು ಆಗಂಗಿಲ್ಲ, ಎಲ್ಲಿಗೂ ಮುಟ್ಟಂಗಿಲ್ಲ. ಯಾಕ ಅದನೋ ದೇವ್ರಿಗೇ ಗೊತ್ತು.” ಅದೇ ಹೂನೊಣಗಳ ಕುಲದ ಗುರುತು ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ. ಪುಸ್ತಕ ಓದಿ ಕಲಿತವರಲ್ಲ ಅವರು. ಕಡ್ಡಿ, ತಿರುಪು ನೋಡಿ ಪಳಗಿದ ಕಣ್ಣು ನೊಣದ ಮೇಲೆ ಕೂತಿತ್ತು, ಅಷ್ಟೇ.

ಅಲ್ಲಿಂದ ರಜೆಯ ದಿನಗಳು ನೊಣಗಳ ಪಾಲಾದವು. ಕಾಕು ಬೈಯುವುದನ್ನು ಕೇಳಬೇಕು: “ನಮ್ಮನ್ಯಾಗ ಸಕ್ಕರಿಗಿ ಡಬ್ಬಿ ಇಲ್ಲೋ ತಮ್ಮಾ, ನೊಣಕ್ಕ ಅದ.” ನಿಜ. ಬಿಸ್ಕತ್ತಿನ ತಗಡಿನ ಡಬ್ಬಿಯ ತಳಕ್ಕೆ ಬೆಂಡು ಹಾಸಿ, ಮುಮ್ಮೂಲೆ ಚೀಟಿಗಳ ತುದಿಗೆ ಒಂದೊಂದು ನೊಣವನ್ನು ಗೋಂದಿನಿಂದ ಅಂಟಿಸಿ, ಚೀಟಿಗೊಂದು ಗುಂಡುಸೂಜಿ ಚುಚ್ಚಿ ಸಾಲಾಗಿ ನಿಲ್ಲಿಸಿದ್ದರು. ಒಮ್ಮೆ ಒಂದನ್ನು ಬೆಂಕಿಪೊಟ್ಟಣದಲ್ಲಿಟ್ಟು ದೂರದ ಒಬ್ಬ ಕೀಟಶಾಸ್ತ್ರ ಪಂಡಿತರಿಗೆ ಅಂಚೆಯಲ್ಲಿ ಕಳಿಸಿದರು. ‘ಸಾಮಾನ್ಯ ಮಿಸರಿ ಜೇನು, ಪುಡಿಯಾಗಿ ಬಂದಿದೆ’ ಎಂದು ಒಂದೂವರೆ ಸಾಲಿನ ಉತ್ತರ ಬಂತು. ಅಂಚೆ ಕಚೇರಿಯವರು ಪೊಟ್ಟಣದ ನೆತ್ತಿಗೇ ಮೊಹರು ಗುದ್ದಿದ್ದರು. ಕಾಕಾ ಅದಕ್ಕೆ ಸಿಟ್ಟಾಗಲಿಲ್ಲ. “ಪುಡಿ ನೋಡಿ ಹ್ಯಾಂಗ ಹೇಳಿದ್ರು?” ಎಂದು ಮಾತ್ರ ಎರಡು ದಿನ ಕೇಳುತ್ತಲೇ ಇದ್ದರು.

ನೊಣ ಹಿಡಿಯಲು ನಾವು ಹೆಚ್ಚಾಗಿ ಹೋಗುತ್ತಿದ್ದದ್ದು ಪಿಂಪಳಗಾಂವ್ ಬಸವಂತಿಗೆ, ಸಖಾರಾಮನ ಹೊಲಕ್ಕೆ. ಸಖಾರಾಮ ನಮ್ಮ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇಥ್ ಯಂತ್ರದವನು, ನನ್ನದೇ ವಯಸ್ಸು. ಅವನ ಮನೆಯವರು ಹೊಲದ ಒಂದು ಮೂಲೆಯಲ್ಲಿ ಬೀಜಕ್ಕೆಂದು ಈರುಳ್ಳಿಯನ್ನು ಹೂವಿಗೆ ಬಿಡುತ್ತಿದ್ದರು. ಫಾಲ್ಗುಣದ ಬಿಸಿಲಿನಲ್ಲಿ ಆ ಬಿಳಿಯ ಗುಂಡು ಹೂಗಳ ಮೇಲೆ ಜೇನು, ನೊಣ ಎಲ್ಲ ಒಂದಾಗಿ ಗುಂಯ್ ಎನ್ನುತ್ತಿದ್ದವು. ಬಾವಿಯ ದಂಡೆಯಲ್ಲಿ ಸಖಾರಾಮನ ಹೆಂಡತಿ ಕೊಟ್ಟ ಸಜ್ಜೆಯ ಭಾಕರಿ ರೊಟ್ಟಿ ತಿಂದು, ಕಾಕಾ ಮತ್ತೆ ಹೂಗಳ ನಡುವೆ ಮೊಣಕಾಲೂರುತ್ತಿದ್ದರು. ಸಖಾರಾಮ ಬೆನ್ನ ಹಿಂದೆ ನಿಂತು, “ಕಾಕಾ, ಆ ನೊಣವೂ ನಾಪಾಸೇ?” ಎಂದು ಕೆಣಕುತ್ತಿದ್ದ. ಆ ಮಧ್ಯಾಹ್ನಗಳು ಇಂದಿಗೂ ಈರುಳ್ಳಿ ಹೂವಿನ ವಾಸನೆಯೊಂದಿಗೇ ನೆನಪಿಗೆ ಬರುತ್ತವೆ.

ಆ ಸಖಾರಾಮನ ಮಾಲು ನಾಪಾಸಾದದ್ದು ಹೂವಿನ ಕಾಲ ಮುಗಿಯುತ್ತಿದ್ದಾಗ. ಪಂಪಿನೊಳಗೆ ಆಡುವ ಒಂದು ಹಿತ್ತಾಳೆ ಕಡ್ಡಿಯ ತುದಿಯಲ್ಲಿ ಉಗುರಂಚಿನಷ್ಟು ತೆಳ್ಳಗೆ ಉಬ್ಬಿದ ಒಂದು ಬಳೆ ಬರುವಂತೆ ಕಡೆಯಬೇಕಿತ್ತು. ಕಡ್ಡಿಗಳು ಲೇಥಿನಿಂದ ಇಳಿದು, ಹೊಳಪು ಕೊಡುವ ತಿರುಗುಪೀಪಾಯಿಯಲ್ಲಿ ಉರುಳಿ, ನಮ್ಮ ಮೇಜಿಗೆ ಬರುತ್ತಿದ್ದವು. ಅವನು ಮಾಡಿದ ಒಂದು ಪೆಟ್ಟಿಗೆ ಮಾಲಿನಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಆ ಬಳೆಯೇ ಇರಲಿಲ್ಲ. ಆ ಪೆಟ್ಟಿಗೆಯನ್ನು ಅಳೆದವನು ನಾನು. ಅಳತೆಯ ಗೇಜಿಗೆ ಬಳೆ ಸಿಗಲಿಲ್ಲ, ‘ಇಲ್ಲ’ ಎಂದು ಗುರುತು ಹಾಕುತ್ತ ಹೋದೆ. ಕೊನೆಗೆ ವರದಿಯಲ್ಲಿ ಒಂದು ಸಾಲು ಬರೆದೆ: ‘ಬೇಗ ಮುಗಿಸಲು ಕೆಲಸಗಾರ ಬಳೆ ಕಡೆಯುವ ಹಂತವನ್ನೇ ಬಿಟ್ಟಿದ್ದಾನೆ.’ ಇಂಗ್ಲಿಷಿನಲ್ಲಿ ಬರೆದಿದ್ದೆ, ಓದಲು ಚೆನ್ನಾಗಿಯೂ ಇತ್ತು.

ಕಾಕಾ ಐದಾರು ಕಡ್ಡಿಗಳಿಗೆ ಗೇಜು ಹಾಕಿ ನೋಡಿದರು. ಪರಿಚಯದವನೆಂದು ಬಿಟ್ಟರು ಎಂಬ ಮಾತು ಬರಬಾರದು ಎಂಬ ಹಟ ಅವರದು. ನನ್ನ ಸಾಲಿನ ಕೆಳಗೆ ಸಹಿ ಹಾಕಿದರು.

ಸಖಾರಾಮ ನಮ್ಮ ಮೇಜಿನ ಮುಂದೆ ಬಂದು, “ಒಂದೊಂದಕ್ಕೂ ಬಳೆ ಕಡೆದಿದ್ದೇನೆ ಕಾಕಾ. ನನ್ನ ಮಗನ ಆಣೆ” ಎಂದ.

“ಇದ್ರ ಎಲ್ಲಿ ಹೋತು?” ಎಂದರು ಕಾಕಾ.

ಅವನು ಒಂದು ಕಡ್ಡಿ ಎತ್ತಿ ತಿರುಗಿಸಿ ನೋಡಿ ಮತ್ತೆ ಮೇಜಿನ ಮೇಲಿಟ್ಟ. ಅದೇ ದಿನ ಅವನನ್ನು ಸಸ್ಪೆಂಡ್ ಮಾಡಿದರು. ಆಮೇಲೆ ಕಾಕಾ ಪಿಂಪಳಗಾಂವಿಗೆ ಹೋಗಲಿಲ್ಲ. ಡಬ್ಬಿಯಲ್ಲಿ ಅಷ್ಟರಲ್ಲೇ ಹನ್ನೆರಡು ನೊಣ ಸೇರಿದ್ದವು. ಅವನ್ನು ಖುದ್ದಾಗಿ ತೋರಿಸಿಕೊಂಡು ಬರಬೇಕೆಂದು ಅರ್ಜಿ ಬರೆದದ್ದು ಆಗಲೇ. ನನಗೂ ಎರಡು ದಿನ ರಜೆ ಹಾಕಿಸಿದರು.

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಔರಂಗಾಬಾದಿಗೆ ಅಂದು ಸರಕಾರಿ ಬಸ್ಸಿನಲ್ಲಿ ಇಡೀ ಹಗಲು ಬೇಕಾಗುತ್ತಿತ್ತು. ಯೇವಲಾ, ವೈಜಾಪುರ ದಾಟುವಷ್ಟರಲ್ಲಿ ಇಬ್ಬರ ಹುಬ್ಬೂ ಧೂಳಿನಿಂದ ಬೆಳ್ಳಗಾಗಿತ್ತು. ಅಷ್ಟು ದೂರವೂ ಕಾಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಪಕ್ಕದ ಹೆಂಗಸು ಪೇಡೆಯೇ ಎಂದು ಕೇಳಿದಳು. ಮುಚ್ಚಳ ತೆಗೆದು ತೋರಿಸಿದರು. ಅವಳು ಎದ್ದು ಬೇರೆ ಕಡೆ ಕೂತಳು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು ಕಲಬುರ್ಗಿಯ ಒಬ್ಬ ಮೇಡಂ. ಮೂವತ್ತು ದಾಟಿರಲಿಲ್ಲವೇನೋ. ಮರುದಿನ ಬೆಳಿಗ್ಗೆ ಅವರ ಮುಂದೆ ಡಬ್ಬಿ ಬಿಚ್ಚಿದಾಗ ಮೊದಲು ಹುಬ್ಬು ಗಂಟಿಕ್ಕಿದರು. “ಇವು ಮಿಸರಿ ಜೇನ್ ಅಲ್ಲೇನ್ರಿ?”

“ಅಲ್ರಿ. ನೋಡ್ರಿ ನೀವು” ಎಂದರು ಕಾಕಾ.

ಮೊದಲನೆಯದನ್ನು ಸೂಕ್ಷ್ಮದರ್ಶಕದಡಿ ಇಟ್ಟ ಮೇಡಂ ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಮುಖವೇ ಬೇರೆಯಾಗಿತ್ತು. “ಎಷ್ಟ್ ಛಂದ ಮೋಸ ಮಾಡ್ಯದ್ರಿ! ನಾನೂ ಎಷ್ಟ್ ಸಲ ಜೇನು ಅಂತ ಬಿಟ್ಟೀನೋ ಏನೋ.” ಆ ಎಲ್ಲೂ ಮುಟ್ಟದ ಗೆರೆಗೆ ಸುಳ್ಳುನರ ಎನ್ನುತ್ತಾರೆಂದೂ, ಅದು ಹೂನೊಣಗಳ ಗುರುತೆಂದೂ ಹೇಳಿದರು. ಕಾಕಾ ಚಿಕ್ಕ ಮಗುವಿನ ಹಾಗೆ ನನ್ನ ತೋಳು ಹಿಚುಕಿದರು. ಎರಡನೆಯದು, ಮೂರನೆಯದು, ಒಂದೊಂದಾಗಿ ನೋಡುತ್ತ ಹೋದರು. ಒಂಬತ್ತನೆಯದಕ್ಕೆ ಬಂದಾಗ ನಿಂತರು.

“ಇದು ಎಲ್ಲಿ ಸಿಕ್ತು?”

“ಬಾವಿ ಗ್ವಾಡಿ ಮ್ಯಾಲ, ಜ್ಯಾಡರ ಬಲಿಯಾಗ್ರಿ. ಒಣಗಿತ್ತು.”

“ಇದು ನೊಣ ಅಂತ ಹ್ಯಾಂಗ ಹೇಳಿದ್ರಿ?”

“ರೆಕ್ಕಿ ಎಣಿಸಿದೆ. ಎರಡಽ ಅವ.”

“ಗುಂಡು?”

ಕಾಕಾ ಡಬ್ಬಿಯ ಕಡೆ ನೋಡಿದರು. ಮೇಡಂ ಎದ್ದು ಕುರ್ಚಿ ಬಿಟ್ಟುಕೊಟ್ಟರು. “ನೀವಽ ನೋಡ್ರಿ. ಇದು ಖರೇನೇ ಜೇನು. ಮೀಸಿ ಮುರದಾವ, ಹಿಂದಿನ ರೆಕ್ಕಿ ಕಿತ್ತು ಹೋಗ್ಯಾವ. ನೊಣಕ್ಕೂ ಹಿಂದಿನ ರೆಕ್ಕಿ ಇಲ್ಲ, ಇದಕ್ಕೂ ಇಲ್ಲ. ಆದ್ರ ನೊಣಕ್ಕ ಆ ಜಾಗಾದಾಗ ಗುಂಡು ಅದ. ಇದಕ್ಕ ಆ ಜಾಗಾದಾಗ ಗಾಯ ಅದ್ರಿ.” ಸ್ವಲ್ಪ ತಡೆದು ನಗುತ್ತ ಸಮಾಧಾನದ ದನಿಯಲ್ಲಿ ಹೇಳಿದರು: “ಇಲ್ಲದ್ದು ಎಣಿಸಿ ಹೆಸರಿಡಬಾರ್ದ್ರಿ ಕಾಕಾ. ಅಲ್ಲಿ ಏನದ ಅಂತ ನೋಡಬೇಕು. ಹನ್ನೆರಡಕ್ಕ ಹನ್ನೊಂದು ಸರಿ ಅಂದ್ರ ಭಾಳ ಆತು. ನಮ್ಮ ಹುಡುಗ್ರು ನಾಕೂ ಹೇಳಂಗಿಲ್ಲ.”

ಕಾಕಾ ಕಣ್ಣನ್ನು ಸೂಕ್ಷ್ಮದರ್ಶಕದ ಕೊಳವೆಗೆ ಇಟ್ಟವರು ಅಲ್ಲಾಡಲೇ ಇಲ್ಲ. ನಾನು ಕರೆದರೂ ಕೇಳಿಸಲಿಲ್ಲ. ಮೇಡಂ ಹನ್ನೊಂದನ್ನೂ ತಮ್ಮಲ್ಲೇ ಇಟ್ಟುಕೊಳ್ಳುತ್ತೇನೆ, ಇದರ ಬಗ್ಗೆ ಬರೆಯುತ್ತೇನೆ ಎಂದು ಉತ್ಸಾಹದಿಂದ ಹೇಳುತ್ತಿದ್ದರು. ನಾಲ್ಕು ವರ್ಷದ ಶ್ರಮಕ್ಕೆ ಸಿಕ್ಕ ಮರ್ಯಾದೆ ಅದು. ಆದರೆ ಕಾಕಾ ಹೊರಗೆ ಬಂದದ್ದು ಸೋತವರ ಹಾಗೆ.

ಅಂದೇ ಮರಳುವ ಬಸ್ಸು ಹತ್ತಿದೆವು. ಯೇವಲಾದಲ್ಲಿ ಚಹಾ ತಂದುಕೊಟ್ಟೆ, ಕೈಯಲ್ಲಿ ಹಿಡಿದು ಆರಿಸಿಬಿಟ್ಟರು. “ಒಂದು ತಪ್ಪಿದ್ದಕ್ಕೆ ಇಷ್ಟು ಎಂತಕ್ಕೆ ಕಾಕಾ?” ಎಂದೆ.

“ತಮ್ಮಾ, ಸಖಾರಾಮನ ಕಡ್ಡಿ ಎಲ್ಲ್ಯಾವ?”

“ಗುಜರಿ ಮೂಲೆಯಲ್ಲೇ ಉಂಟು. ಇನ್ನೂ ಕರಗಿಸಲಿಕ್ಕೆ ಕಳಿಸಿಲ್ಲ.”

“ಗೇಜ್ ಹಾಕಿದ್ವಿ. ಭಿಂಗ ಹಿಡಿದು ನೋಡಿದ್ವೇನು?” ಭಿಂಗ ಎಂದರೆ ಮಸೂರ, ಆ ಮರಾಠಿ ಹೆಸರಿನಿಂದಲೇ ಅವರು ಅದನ್ನು ಕರೆಯುತ್ತಿದ್ದದ್ದು. ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ನಾಸಿಕ ಬರುವವರೆಗೂ ಅವರು ಕಿಟಕಿಯಿಂದ ಹೊರಗೇ ನೋಡುತ್ತಿದ್ದರು.

ಮರುದಿನ ಪಾಳಿ ಶುರುವಾಗುವ ಮುಂಚೆಯೇ ಇಬ್ಬರೂ ಗುಜರಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆವು. ಕಾಕಾ ಒಂದೊಂದೇ ಕಡ್ಡಿಯನ್ನು ಕಪ್ಪು ಕಾಗದದ ಮೇಲಿಟ್ಟು ಮಸೂರ ಹಿಡಿದರು. ಬಳೆ ಕಡೆಯದೇ ಬಿಟ್ಟಿದ್ದರೆ ಅಲ್ಲಿ ಲೇಥಿನ ನುಣುಪಾದ ಗೀರುಗಳು ಸಲೀಸಾಗಿ ಮುಂದುವರಿಯಬೇಕಿತ್ತು. ಹಾಗಿರಲಿಲ್ಲ. ತುದಿಯ ಸುತ್ತ ಒಂದು ಒರಟಾದ ಉಂಗುರವಿತ್ತು. ಹೊಳಪಿನಡಿ ಮುಚ್ಚಿಹೋಗಿತ್ತು, ಆದರೂ ಕಾಣುತ್ತಿತ್ತು. ಬಳೆ ಇತ್ತು, ಮುರಿದಿತ್ತು. ಹೊಳಪಿನ ಪೀಪಾಯಿಯ ಕಸದಲ್ಲಿ ಕೈಯಾಡಿಸಿದಾಗ ಚೂರುಚೂರಾದ ಹಿತ್ತಾಳೆ ಬಳೆಗಳು ಸಿಕ್ಕವು. ಪೀಪಾಯಿಗೆ ಒಮ್ಮೆಗೇ ಇಮ್ಮಡಿ ಮಾಲು ಸುರಿಯಲು ಸೂಪರ್‌ವೈಸರ್ ಹೇಳಿದ್ದ. ಕಡ್ಡಿಗಳು ಒಂದಕ್ಕೊಂದು ಬಡಿದುಕೊಂಡಿದ್ದವು.

ಕಾಕಾ ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, “ಮಗನ ಆಣಿ ಹಾಕಿದ್ದ ಅಂವ” ಎಂದರು.

ಮ್ಯಾನೇಜರ್ ಬರುವುದು ಮಧ್ಯಾಹ್ನಕ್ಕೆ ಎಂದು ತಿಳಿದು, ಅವರು ಅಷ್ಟರೊಳಗೆ ಹೋಗಿ ಬರೋಣವೆಂದು ಪಿಂಪಳಗಾಂವಿನ ಬಸ್ಸು ಹತ್ತಿದರು. ನಾನೂ ಹತ್ತಿದೆ. ಸಖಾರಾಮ ಮತ್ತು ಅವನ ಹೆಂಡತಿ ಒಣಗಿದ ಈರುಳ್ಳಿ ಹೂಗೊಂಡೆಗಳನ್ನು ಕೊಯ್ದು ಗೋಣಿಗೆ ತುಂಬುತ್ತಿದ್ದರು. ನಮ್ಮನ್ನು ಕಂಡರೂ ಅವನ ಕೈ ನಿಲ್ಲಲಿಲ್ಲ. ಕಾಕಾ ಹೊಲದ ಬದುವಿನ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರು.

“ಬಳೆ ಮುರಿದಿತ್ತು ಸಖಾರಾಮ. ನೀನು ಕಡೆದಿದ್ದೆ. ನಾನು ಸರಿಯಾಗಿ ನೋಡಲಿಲ್ಲ” ಎಂದು ಮರಾಠಿಯಲ್ಲಿ ಹೇಳಿದರು.

“ಹೇಳಿದ್ದೆನಲ್ಲ.”

“ಹೇಳಿದ್ದೆ. ನಾನು ಕೇಳಲಿಲ್ಲ.”

ಸಖಾರಾಮ ಇನ್ನೂ ಎರಡು ಗೊಂಡೆ ಕೊಯ್ದ. ಮಾತಾಡಿದ್ದು ಅವನ ಹೆಂಡತಿ. “ಮೂರು ವಾರದಿಂದ ಊರಿನವರು ಇವರನ್ನು ಕಳ್ಳಗೆಲಸದವನು ಅಂತಾರೆ. ಅದನ್ನು ಯಾವ ಭಿಂಗದಿಂದ ತೆಗೀತೀರಿ ಕಾಕಾ?” ಕಾಕಾ ತಲೆ ತಗ್ಗಿಸಿ ನಿಂತರು. ನಾನು ಬದುವಿನ ಮೇಲೆಯೇ ನಿಂತಿದ್ದೆ. ಆ ಸಾಲು ಬರೆದವನು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ನನ್ನ ಕಾಲು ಹೊಲದೊಳಗೆ ಇಳಿಯಲಿಲ್ಲ.

ಮಧ್ಯಾಹ್ನ ಮ್ಯಾನೇಜರ ಕೋಣೆಗೆ ಕಾಕಾ ಒಬ್ಬರೇ ಹೋದರು. “ನಾನೂ ಬರ್ತೇನೆ” ಎಂದು ಬಾಯಲ್ಲಿ ಹೇಳಿದೆ. ಬೈಂದೂರಿನಲ್ಲಿ ನನ್ನ ಮದುವೆ ನಿಶ್ಚಯವಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ನನ್ನ ಮುಖ ನೋಡಿದರು. “ನೀ ಇಲ್ಲೇ ಇರು” ಎಂದರು.

ಕೋಣೆಯ ಗೋಡೆ ಅರ್ಧ ಹಲಗೆಯದು. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಮ್ಯಾನೇಜರ್ ನಾಪಾಸಿನ ವರದಿ ತೆಗೆಸಿ ನೋಡಿ ಕೇಳಿದರು: “ಈ ಸಾಲಿನ ಅಕ್ಷರ ನಿಮ್ಮದಲ್ಲವಲ್ಲ?”

“ಕೆಳಗಿನ ಸಹಿ ನನ್ನದು ಸಾಹೇಬ್.”

“ಬರೆದವರು ಯಾರು ಅಂತ ಕೇಳಿದೆ.”

“ಓದಿ ಸಹಿ ಹಾಕಿದ ಮೇಲೆ ಅದು ನನ್ನ ಮಾತು. ಬೇರೆಯವರನ್ನು ಕೇಳುವುದು ಬೇಡ.”

ಪೀಪಾಯಿಯ ವಿಷಯವನ್ನೂ ಹೇಳಿದರು. ಸೂಪರ್‌ವೈಸರ್ ಮ್ಯಾನೇಜರಿಗೆ ಬೇಕಾದವನಾಗಿದ್ದ, ಆ ಮಾತು ಅವರಿಗೆ ರುಚಿಸಲಿಲ್ಲ. ಆದರೂ ಚೂರುಗಳು ಮೇಜಿನ ಮೇಲಿದ್ದವು. ನಾಲ್ಕು ದಿನದಲ್ಲಿ ಸಖಾರಾಮ ಕೆಲಸಕ್ಕೆ ಮರಳಿದ. ಕಾಕಾನನ್ನು ತಪಾಸಣೆಯಿಂದ ತೆಗೆದು, ನಟ್ಟು ಬೋಲ್ಟು ಎಣಿಸಿ ಕೊಡುವ ಸ್ಟೋರಿನ ಕಿಟಕಿಗೆ ಹಾಕಿದರು. ಮುಂದಿನ ತಿಂಗಳು ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನಾನು ಕೂತೆ.

ಆ ಕಿಟಕಿಯ ಹಿಂದೆ ಅವರು ಹತ್ತು ವರ್ಷ ಕಳೆದರು. ಕೊರಗಿದರು ಎಂದು ಬರೆದರೆ ಕಥೆಗೆ ಚೆನ್ನ, ಆದರೆ ಅದು ಸುಳ್ಳು. ಐದು ಗಂಟೆಗೆ ಸರಿಯಾಗಿ ಬಿಡುಗಡೆ, ಸಂಜೆಯೆಲ್ಲ ನೊಣಗಳದು. ಸಖಾರಾಮ ಮೊದಲ ವರ್ಷ ಅವರೊಡನೆ ಮಾತಾಡಿದ್ದನ್ನು ನಾನು ಕಾಣಲಿಲ್ಲ. ಎರಡನೆಯ ವರ್ಷ ಹೂವಿನ ಕಾಲದಲ್ಲಿ ಸ್ಟೋರಿನ ಕಿಟಕಿಗೆ ಬಂದು, “ಹೂವಾಗಿದೆ. ನಿಮ್ಮ ನೊಣಗಳೂ ಬಂದಿವೆ” ಎಂದಷ್ಟೇ ಹೇಳಿ ಹೋದ. ಆ ರಜೆಯ ದಿನ ಕಾಕಾ ಬೆಳಿಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ ಕೂತಿದ್ದರೆಂದು ಕಾಕು ನಗುತ್ತ ಹೇಳಿದರು. ನಾನೂ ಜೊತೆಗೆ ಹೋಗುತ್ತಿದ್ದೆ. ಮೂವರೂ ಬಾವಿಯ ದಂಡೆಯಲ್ಲಿ ಕೂತು ಭಾಕರಿ ತಿನ್ನುತ್ತಿದ್ದೆವು. ಆ ವರದಿಯ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಮೇಡಂ ಬರೆದ ಲೇಖನ ಅಚ್ಚಾಗಿ ಬಂತು. ನೊಣ ಕೂಡಿಸಿಕೊಟ್ಟವರೆಂದು ಕೊನೆಯಲ್ಲಿ ಕಾಕಾಗೆ ಒಂದು ಕೃತಜ್ಞತೆಯ ಸಾಲು. ಅದರ ಪಕ್ಕದಲ್ಲೇ, ಕಳಿಸಿದ ಹನ್ನೆರಡರಲ್ಲಿ ಒಂದು ಜೇನಾಗಿತ್ತು, ಸಂಗ್ರಹಿಸಿದವರು ಅದನ್ನು ನೊಣವೆಂದು ತಪ್ಪಾಗಿ ತಿಳಿದಿದ್ದರು ಎಂದೂ ಇತ್ತು. ಅದನ್ನು ಸೇರಿಸಲೇಬೇಕೆಂದು ಕಾಕಾ ಎರಡು ಕಾಗದ ಬರೆದು ಒತ್ತಾಯಿಸಿದ್ದರಂತೆ. ಲೇಖನವನ್ನು ಸ್ಟೋರಿನ ಕಿಟಕಿಗೆ ಬಂದವರಿಗೆಲ್ಲ ತೋರಿಸಿದರು. “ಇಲ್ಲಿ ನೋಡ್ರಿ, ನನ್ನ ತಪ್ಪು ಛಾಪಾ ಆಗ್ಯದ!” ಅಷ್ಟು ಹೆಮ್ಮೆಯಿಂದ ಯಾರಾದರೂ ತಮ್ಮ ಬಹುಮಾನ ತೋರಿಸಿದ್ದನ್ನೂ ನಾನು ನೋಡಿಲ್ಲ.

ನಿವೃತ್ತರಾಗಿ ಅವರು ಭಾಲ್ಕಿಗೆ ಹೊರಟ ದಿನ ನಾಸಿಕ ರೋಡ್ ಸ್ಟೇಷನ್ನಿಗೆ ಸಾಮಾನು ಸಾಗಿಸಿದವನು ನಾನೇ. ರೈಲು ಹೊರಡುವಾಗ ಕಿಟಕಿಯಿಂದ ನನ್ನ ಕೈ ಹಿಡಿದು ಏನೋ ಕೇಳುವವರ ಹಾಗೆ ನೋಡಿದರು. ಕೇಳಲಿಲ್ಲ. “ಹೆಂಡತಿ ಮಕ್ಕಳನ ಕರ್ಕೊಂಡು ಬಾ” ಎಂದರು. ನಾನು ಹೋಗಲೇ ಇಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಅವರ ಮಗಳಿಂದ ಒಂದು ಕಾರ್ಡು ಬಂತು, ಮರಾಠಿಯಲ್ಲಿ. ಅಪ್ಪ ತೀರಿಕೊಂಡರು, ಎರಡೇ ದಿನದ ಜ್ವರ, ಕಾರ್ಖಾನೆಯವರಿಗೆ ತಿಳಿಸಿ ಎಂದು ಬರೆದಿದ್ದಳು. ಊಟದ ಬಿಡುವಿನಲ್ಲಿ ಅದನ್ನು ಹಿಡಿದು ಸಖಾರಾಮನನ್ನು ಹುಡುಕಿಕೊಂಡು ಹೋದೆ. ಬೇವಿನ ಮರದಡಿ ಡಬ್ಬಿ ಬಿಚ್ಚುತ್ತಿದ್ದ. ಕಾರ್ಡು ಓದಿ ಡಬ್ಬಿ ಮುಚ್ಚಿದ. ನಾನು ಪಕ್ಕದಲ್ಲಿ ಕೂತೆ. ಎಷ್ಟೋ ವರ್ಷ ಹೇಳದೇ ಉಳಿಸಿಕೊಂಡದ್ದು ಆಗ ತಾನಾಗಿ ಹೊರಗೆ ಬಂತು.

“ಆ ವರದಿಯಲ್ಲಿ ನೀನು ಬಳೆಯ ಕೆಲಸ ಬಿಟ್ಟಿದ್ದಿ ಅಂತ ಬರೆದದ್ದು ಕಾಕಾ ಅಲ್ಲ ಸಖಾರಾಮ. ನಾನು.”

“ಗೊತ್ತು” ಎಂದ.

“ಯಾರು ಹೇಳಿದರು?” ಎಂದೆ.

“ದಿನಾ ನನ್ನ ಮಷಿನಿಗೆ ತಪಾಸಣೆಯ ಚೀಟಿ ಬರೆದು ಅಂಟಿಸುತ್ತಿದ್ದವನು ನೀನೇ ಅಲ್ಲವೇ? ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಕೈಬರಹದ ಗುರುತು ಸಿಗುತ್ತದೆ. ಸಸ್ಪೆಂಡ್ ಕಾಗದದ ಜೊತೆ ಆ ವರದಿಯನ್ನೂ ತೋರಿಸಿದ ದಿನವೇ ತಿಳಿಯಿತು.”

“ಮತ್ತೆ ಯಾಕೆ ಕೇಳಲಿಲ್ಲ?”

“ಕಾಕಾನನ್ನು ಕೇಳಿದೆ. ಕೆಲಸಕ್ಕೆ ಮರಳಿದ ದಿನ, ಅದೂ ಜಗಳ ಮಾಡಿಯೇ ಕೇಳಿದೆ. ಅವನಿಗೆ ಏನೂ ಅನ್ನಬೇಡ, ತಾನೇ ಬಂದು ಹೇಳುತ್ತಾನೆ ಅಂದರು. ಊರಿಗೆ ಹೋದ ಮೇಲೂ ಪ್ರತಿ ದೀಪಾವಳಿಗೆ ನನಗೆ ಕಾಗದ ಬರೆಯುತ್ತಿದ್ದರು. ಕೊನೆಯಲ್ಲಿ ಒಂದು ಮಾತು ತಪ್ಪದೆ ಇರುತ್ತಿತ್ತು. ‘ಅವನು ಹೇಳಿದನೇ?’ ಅಂತ. ಇನ್ನೂ ಇಲ್ಲ ಅಂತ ನಾನು ಉತ್ತರ ಬರೆಯುತ್ತಿದ್ದೆ.”

ಪಾಳಿಯ ಸೈರನ್ ಕೂಗಿತು. ಸಖಾರಾಮ ಎದ್ದು, ಪ್ಯಾಂಟಿಗೆ ಅಂಟಿದ ಮಣ್ಣು ಕೊಡವಿ, ಕಾರ್ಡನ್ನು ನನ್ನ ಕೈಗೆ ಮರಳಿ ಕೊಟ್ಟ.

“ಈಗ ನೀನು ಹೇಳಿದೆ” ಎಂದ. “ಯಾರಿಗೆ ಬರೆಯಲಿ?”